ತೆಳುಪದರದ ಹಲಗೆಗೆ ತಕ್ಕ ಉಪ್ಪುಕಾಗದ

ಪೀಠೋಪಕರಣಕ್ಕೆಂದು ಬೆಲೆತೆತ್ತು ತಂದ ತೇಗದ ಮುಖವುಳ್ಳ ಪ್ಲೈವುಡ್ ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ, ಅದರ ಹೊಂಬಣ್ಣವನ್ನೂ ಉದ್ದಕ್ಕೆ ಹರಿದಿರುವ ಎಳೆಗಳ ವಿನ್ಯಾಸವನ್ನೂ ನೋಡುವವರಿಗೆ ತಮ್ಮ ಮುಂದಿರುವುದು ಇಡಿಯ ಮರದ ಹಲಗೆಯೇ ಎಂಬ ಭಾವನೆ ಹುಟ್ಟುವುದು ಸಹಜವಾದರೂ, ಅದರ ಅಂಚನ್ನು ಬೆಳಕಿನತ್ತ ತಿರುಗಿಸಿದೊಡನೆ ಆ ಭಾವನೆ ನಿಲ್ಲುವುದಿಲ್ಲ. ತೇಗವೆಂದು ಕಂಡುದು ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಒಂದು ಪದರ ಮಾತ್ರ. ಅದರ ಕೆಳಗೆ ಅಂಟಿನ ಗೆರೆ. ಅಂಟಿನಡಿ ಎಳೆ ಅಡ್ಡಲಾಗಿ ಸಾಗಿರುವ ಬೇರೊಂದು ಮರದ ಪದರ. ಹೀಗೆ ಒಂದರ ಎಳೆಗೆ ಇನ್ನೊಂದರ ಎಳೆ ಲಂಬವಾಗಿರುವಂತೆ ಬೆಸಸಂಖ್ಯೆಯ ಪದರಗಳನ್ನು ಜೋಡಿಸಿ, ಕಾವಿನಿಂದಲೂ ಒತ್ತಡದಿಂದಲೂ ಬೆಸೆದುದೇ ಪ್ಲೈವುಡ್. ಇಂತಹ ಹಲಗೆಯನ್ನು ಉಜ್ಜಿ ನಯಗೊಳಿಸಹೊರಟವನಿಗೆ ಇರುವ ಬಂಡವಾಳವೆಲ್ಲ ಆ ಅರ್ಧ ಮಿಲಿಮೀಟರೇ. ಇಡಿಯ ತೇಗದ ಹಲಗೆಯನ್ನು ಉಜ್ಜುವಾಗ ನಡೆಯುವ ಧಾರಾಳತನ ಇಲ್ಲಿ ನಡೆಯದು. ಯಾವ ನಂಬರಿನ ಉಪ್ಪುಕಾಗದದಿಂದ ತೊಡಗಬೇಕು, ಯಾವುದರಲ್ಲಿ ನಿಲ್ಲಿಸಬೇಕು ಎಂಬುದನ್ನು ಕೈಯ ರೂಢಿಗೆ ಬಿಡದೆ, ಕೆಲಸ ಮೊದಲಾಗುವುದಕ್ಕೆ ಮುಂಚೆಯೇ ನಿಶ್ಚಯಿಸಿಕೊಳ್ಳತಕ್ಕದ್ದು.

ಕಾಗದದ ಬೆನ್ನಿನ ಮೇಲೆ ಅಚ್ಚಾಗಿರುವ ಅಂಕಿಯು ಕಣದ ಗಾತ್ರವನ್ನು ತಿಳಿಸುತ್ತದೆ. ಕಣಗಳನ್ನು ಜರಡಿಯಾಡುವಾಗ ಒಂದಂಗುಲ ಉದ್ದದಲ್ಲಿ ಎಷ್ಟು ಕಂಡಿಗಳಿರುವ ಜರಡಿಯನ್ನು ಬಳಸಿದರು ಎಂಬ ಎಣಿಕೆಯಿಂದ ಈ ಅಂಕಿಗಳು ಹುಟ್ಟಿದುವಾದ್ದರಿಂದ, ಅಂಕಿ ಹೆಚ್ಚಿದಂತೆ ಕಣ ಸಣ್ಣದಾಗುತ್ತ ಹೋಗುತ್ತದೆ. ಅಂಕಿಗೆ ಮೊದಲು ‘ಪಿ’ ಎಂಬ ಅಕ್ಷರವಿದ್ದರೆ ಅದು ಐರೋಪ್ಯ ಪದ್ಧತಿಯ ಮಾನ. ಆ ಮಾನದಲ್ಲಿ 80ರ ಕಣ ಸರಾಸರಿ 200 ಮೈಕ್ರಾನ್, ಎಂದರೆ ಮಿಲಿಮೀಟರಿನ ಐದನೆಯ ಒಂದು ಪಾಲು, 120ರದು 125 ಮೈಕ್ರಾನ್, 180ರದು 82, 220ರದು 68, 320ರದು 46, 400ರದು 35. ಅಮೆರಿಕದ ಹಳೆಯ ಮಾನವೂ 220ರ ತನಕ ಹೆಚ್ಚುಕಡಿಮೆ ಇದರ ಜೊತೆಯಲ್ಲೇ ಸಾಗಿ, ಅಲ್ಲಿಂದ ಮುಂದೆ ದಾರಿ ಬೇರೆ ಹಿಡಿಯುತ್ತದೆ. ಅಮೆರಿಕದ 320 ಎಂಬುದು ಐರೋಪ್ಯರ 400ಕ್ಕೆ ಸಮನಾದುದು. ಕೊನೆಯ ಕೈಯ ಪಾಲಿಶಿಗೆ ಎರಡು ಬೇರೆ ತಯಾರಿಕೆಯ ಕಾಗದಗಳನ್ನು ಬೆರೆಸಿ ಬಳಸಿದಾಗ ಎಲ್ಲಿಂದಲೋ ಗೀರು ಬಂದಂತೆ ತೋರುವುದಕ್ಕೆ ಅನೇಕ ವೇಳೆ ಈ ಭೇದವೇ ಕಾರಣ. ಆದಕಾರಣ, ಒಂದು ಕೆಲಸಕ್ಕೆ ಬೇಕಾದ ಎಲ್ಲ ನಂಬರುಗಳನ್ನೂ ಒಂದೇ ತಯಾರಿಕೆಯಲ್ಲಿ, ‘ಪಿ’ ಅಕ್ಷರವನ್ನು ನೋಡಿಯೇ, ಕೊಳ್ಳುವುದು ಕ್ಷೇಮ.

ಈಗ ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಮುಖಪದರ 500 ಮೈಕ್ರಾನ್. 80ರ ಒಂದು ಕಣವೇ 200 ಮೈಕ್ರಾನ್. ಕಣವು ಇಡಿಯಾಗಿ ಮರದೊಳಗೆ ಇಳಿಯುವುದಿಲ್ಲ, ಅದರ ಮೊನೆ ಮಾತ್ರ ಕಚ್ಚುತ್ತದೆ ಎಂಬುದು ನಿಜ. ಆದರೆ ಕಣಗಳೆಲ್ಲ ಒಂದೇ ಎತ್ತರದವಲ್ಲ, ಉಜ್ಜುವ ಕೈಯ ಭಾರವೂ ಒಂದೇ ಸಮನಲ್ಲ. ಅದಕ್ಕಿಂತ ಮುಖ್ಯವಾದುದು, ಗೀರನ್ನು ಅಳಿಸುವ ಬಗೆ. ನೇಗಿಲು ಹೊಡೆದ ಹೊಲವನ್ನು ಮಟ್ಟಮಾಡಬೇಕಾದರೆ ದಿಂಡುಗಳನ್ನೆಲ್ಲ ಸಾಲಿನ ತಳದವರೆಗೂ ತಗ್ಗಿಸಲೇಬೇಕಾಗುವಂತೆ, ಒರಟು ಕಾಗದ ಬಿಟ್ಟುಹೋದ ಗೀರು ಮಾಯವಾಗಬೇಕಾದರೆ ಅದರ ಸುತ್ತಲಿನ ಮರವೆಲ್ಲವೂ ಆ ಗೀರಿನ ತಳದ ಮಟ್ಟಕ್ಕೆ ಇಳಿಯಬೇಕು. 80ರ ಕಾಗದವನ್ನು ನಾಲ್ಕು ಸಲ ಎಳೆದವನು ಆ ನಾಲ್ಕು ಎಳೆತದಲ್ಲಿ ಹೋದ ಮರವನ್ನಷ್ಟೇ ಕಳೆದುಕೊಂಡನೆಂದು ತಿಳಿಯಲಾಗದು. ಮುಂದಿನ ಕಾಗದಗಳು ಕಳೆಯಬೇಕಾದ ಮರವನ್ನೂ ಅವನು ಆಗಲೇ ಗೊತ್ತುಮಾಡಿಬಿಟ್ಟಿದ್ದಾನೆ. ಮೊದಲ ಕಾಗದವನ್ನು ಆರಿಸುವುದರಲ್ಲಿಯೇ ಮುಕ್ಕಾಲು ಪಾಲು ವಿವೇಕವಿದೆ ಎಂದು ನಾನು ಹೇಳುವುದು ಈ ಕಾರಣದಿಂದ.

ಹಲಗೆಯ ಜಾತಿಯನ್ನು ಮೊದಲು ನೋಡಬೇಕು. ತೇಗ, ಬೀಟೆ ಮುಂತಾದ ಬೆಲೆಯುಳ್ಳ ಮರದ ಮುಖಪದರವನ್ನು ಹೊತ್ತ ಹಲಗೆಯು ಕಾರ್ಖಾನೆಯಲ್ಲಿಯೇ ಅಗಲಪಟ್ಟಿಯ ಯಂತ್ರದಡಿ ಉಜ್ಜಿಸಿಕೊಂಡು ಬಂದಿರುವುದರಿಂದ, ಅದಕ್ಕೆ 180ರಿಂದ ತೊಡಗಿದರೆ ಸಾಕು. ಸಾಗಣೆಯಲ್ಲಿ ಗೀರು ಬಿದ್ದಿದ್ದರೆ ಆ ಭಾಗಕ್ಕಷ್ಟೇ 150. ಇದಕ್ಕಿಂತ ಒರಟಾದುದನ್ನು ಈ ಜಾತಿಯ ಮುಖಕ್ಕೆ ಸೋಕಿಸಲೇಬಾರದು. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ, ಕೆಂಬಣ್ಣದ ಮುಖವುಳ್ಳ ಹಲಗೆಗಳ ಮೇಲ್ಪದರ ಇನ್ನೂ ತೆಳು, 0.3 ಮಿಲಿಮೀಟರ್ ಇದ್ದರೆ ಅದೇ ಹೆಚ್ಚು. ಹಿಂದೆ ಇವಕ್ಕೆ ಬರ್ಮಾದ ಗುರ್ಜನ್ ಮರವೇ ಪ್ರಸಿದ್ಧವಾಗಿತ್ತು. 2014ರ ಏಪ್ರಿಲಿನಿಂದ ಮ್ಯಾನ್ಮಾರ್ ಸರಕಾರ ದಿಮ್ಮಿಗಳ ರಫ್ತನ್ನು ನಿಲ್ಲಿಸಿದ ಮೇಲೆ ಆಫ್ರಿಕದ ಒಕುಮೆಯಂತಹ ಮೆದುವಾದ ಮರಗಳ ಪದರವೂ ಬಹಳವಾಗಿ ಬಳಕೆಗೆ ಬಂದಿದೆ. ಗುರ್ಜನ್ನಿನಲ್ಲಿ ರಾಳ ಹೆಚ್ಚಾದ್ದರಿಂದ ಕಾಗದ ಬೇಗ ಮೆತ್ತಿಕೊಳ್ಳುತ್ತದೆ. ಒಕುಮೆ ಮೆದುವಾದ್ದರಿಂದ ಒರಟು ಕಾಗದಕ್ಕೆ ಎಳೆ ಕಿತ್ತು ನವಿರು ಏಳುತ್ತದೆ. ಎರಡಕ್ಕೂ 150ರಿಂದ ತೊಡಗಿ, ಹಗುರವಾದ ಕೈಯಿಂದ ಉಜ್ಜುವುದು ಲೇಸು. ಬಿರ್ಚ್ ಮರದ ಹಲಗೆಯ ಪದರಗಳು ಮಾತ್ರ ಒಂದೊಂದೂ ಒಂದು ಮಿಲಿಮೀಟರಿಗಿಂತ ದಪ್ಪವಾಗಿರುವುದುಂಟು. ಅಲ್ಲಿ 120ರಿಂದ ಹೊರಟರೂ ಭಯವಿಲ್ಲ.

ಇಲ್ಲಿಯೇ ಒಂದು ಭ್ರಮೆಯನ್ನು ನಿವಾರಿಸುವುದು ಒಳ್ಳೆಯದು. ಹಲಗೆಯ ಮೇಲೆ ಐಎಸ್ 303, ಐಎಸ್ 710 ಎಂಬ ಮುದ್ರೆಗಳನ್ನು ಕಂಡು, ಎರಡನೆಯದಕ್ಕೆ ಹೆಚ್ಚು ಬೆಲೆ ಕೊಟ್ಟುದರಿಂದ ಅದರ ಮುಖವೂ ದಪ್ಪವಾಗಿರಬೇಕೆಂದು ಊಹಿಸುವವರುಂಟು. 710 ಎಂಬುದು ನೀರಿಗೆ ತಾಳುವ ಹಲಗೆಯ ಮುದ್ರೆ. ಅದು ನೀಡುವ ಭರವಸೆ ಮುಖ್ಯವಾಗಿ ಅಂಟಿನ ತಾಳಿಕೆಗೆ ಸಂಬಂಧಿಸಿದುದು. ಉಜ್ಜುವುದಕ್ಕೆ ಎಷ್ಟು ಮರವಿದೆ ಎಂಬುದನ್ನು ಮುದ್ರೆಯಿಂದಲ್ಲ, ಕೊಯ್ದ ಅಂಚಿನಿಂದಲೇ ಅರಿಯಬೇಕು. ಅಂಗಡಿಯಲ್ಲಿ ಒಂದು ತುಂಡನ್ನು ಕೇಳಿ ಪಡೆದು ಅಂಚನ್ನು ನೋಡುವುದಕ್ಕೆ ಸಂಕೋಚಪಡಬೇಕಾದುದಿಲ್ಲ.

ಒಂದು ನಂಬರಿನಿಂದ ಇನ್ನೊಂದಕ್ಕೆ ಹೋಗುವಾಗ ಕಣದ ಗಾತ್ರ ಹಿಂದಿನದರ ಹೆಚ್ಚುಕಡಿಮೆ ಮೂರನೆಯ ಎರಡು ಪಾಲಿನಷ್ಟಾಗುವಂತೆ ನಡೆಯುವುದು ಬಹುಕಾಲದಿಂದ ಬಂದ ಕ್ರಮ: 120, 180, ಆಮೇಲೆ 220 ಅಥವಾ 240. ಮಧ್ಯದ ಮೆಟ್ಟಿಲನ್ನು ಹಾರಿಸಿ 120ರಿಂದ ನೇರವಾಗಿ 240ಕ್ಕೆ ನೆಗೆದರೆ, ಹಿಂದಿನ ಗೀರುಗಳನ್ನು ಅಳಿಸುವ ಶಕ್ತಿ ಸಣ್ಣ ಕಣಕ್ಕಿಲ್ಲದೆ, ಗೀರುಗಳ ತಲೆ ಮಾತ್ರ ಹೊಳಪಾಗಿ, ತಳ ಹಾಗೆಯೇ ಉಳಿಯುತ್ತದೆ. ಬರಿಯ ಕಣ್ಣಿಗೆ ಆಗ ಎಲ್ಲವೂ ನಯವಾಗಿಯೇ ಕಾಣುತ್ತದೆ. ಬಣ್ಣದ ಮೊದಲ ಕೈ ಬಿದ್ದೊಡನೆ ಅವಿತಿದ್ದ ಗೀರುಗಳೆಲ್ಲ ಕಪ್ಪುಕಪ್ಪಾಗಿ ಎದ್ದು ನಿಲ್ಲುತ್ತವೆ. ಪ್ರತಿಯೊಂದು ನಂಬರಿನ ಬಳಿಕವೂ ಹುಡಿಯನ್ನು ಬ್ರಷ್ಷಿನಿಂದ ಗುಡಿಸಿ, ಒಣಬಟ್ಟೆಯಿಂದ ಒರಸತಕ್ಕದ್ದು. ಒರಟು ಕಾಗದದಿಂದ ಉದುರಿದ ಒಂದೇ ಒಂದು ಕಣ ನಯವಾದ ಕಾಗದದಡಿ ಸಿಕ್ಕಿಕೊಂಡರೂ, ಹಲಗೆಯ ಉದ್ದಕ್ಕೆ ಅದು ಎಳೆಯುವ ಗೀರನ್ನು ಅಳಿಸಲು ಮತ್ತೆ ಹಿಂದಿನ ಮೆಟ್ಟಿಲಿಗೇ ಇಳಿಯಬೇಕಾದೀತು.

ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಗೆ ಉತ್ತರವು ಹಲಗೆಯಲ್ಲಿಲ್ಲ, ಅದರ ಮೇಲೆ ಬರತಕ್ಕ ಲೇಪದಲ್ಲಿದೆ. ನಯವಾದಷ್ಟೂ ಒಳ್ಳೆಯದೆಂದು 400, 600ರ ತನಕ ಬರಿಯ ಮರವನ್ನು ಉಜ್ಜುವವರನ್ನು ನೋಡಿದ್ದೇನೆ. ಆ ಶ್ರಮವೆಲ್ಲ ವ್ಯರ್ಥವಾಗುವುದಲ್ಲದೆ ಕೆಲವು ವೇಳೆ ಕೇಡನ್ನೂ ಮಾಡುತ್ತದೆ. ಮರಕ್ಕೆ ಸ್ಟೇನ್ ಹಾಕಿ ಬಣ್ಣ ಏರಿಸುವುದಾದರೆ, ಆ ಬಣ್ಣದ ಪುಡಿ ಮರದ ರಂಧ್ರಗಳಲ್ಲಿಯೂ ಕಾಗದ ಬಿಟ್ಟ ಸೂಕ್ಷ್ಮ ಗೀರುಗಳಲ್ಲಿಯೂ ಕೂತು ಹಿಡಿಯಬೇಕು. ಅತಿಯಾಗಿ ಉಜ್ಜಿದ ಮುಖ ಮಿರುಗಿ, ಬಣ್ಣವನ್ನು ಹೀರದೆ, ಪೇಲವವಾಗಿಯೋ ಮಚ್ಚೆಮಚ್ಚೆಯಾಗಿಯೋ ಉಳಿಯುತ್ತದೆ. ಸ್ಟೇನಿಗೆ 180ರಲ್ಲಿ, ಹೆಚ್ಚೆಂದರೆ 220ರಲ್ಲಿ ನಿಲ್ಲಿಸುವುದು ಸರಿ. ಒಂದೇ ಕಪಾಟಿನ ಎರಡು ಬಾಗಿಲುಗಳಲ್ಲಿ ಒಂದನ್ನು 180ಕ್ಕೂ ಇನ್ನೊಂದನ್ನು 240ಕ್ಕೂ ನಿಲ್ಲಿಸಿದರೆ, ಒಂದೇ ಡಬ್ಬಿಯ ಬಣ್ಣ ಅವೆರಡರ ಮೇಲೆ ಎರಡು ಛಾಯೆಯಾಗಿ ಕಾಣುತ್ತದೆ. ಕೆಲಸವನ್ನು ಇಬ್ಬರು ಹಂಚಿಕೊಂಡಾಗ ಈ ದೋಷ ಸುಲಭವಾಗಿ ನುಸುಳುವುದರಿಂದ, ಮೇಸ್ತ್ರಿಯಾದವನು ಕೊನೆಯ ನಂಬರನ್ನು ಎಲ್ಲರಿಗೂ ಹೇಳಿಯೇ ಕೆಲಸ ಹಚ್ಚಬೇಕು. ಸ್ಟೇನಿಲ್ಲದೆ ಮರದ ನಿಜವರ್ಣವನ್ನೇ ಉಳಿಸಿ, ಅರಗಿನ ಪಾಲಿಶನ್ನಾಗಲಿ ಪಿಯು (ಪಾಲಿಯುರೆಥೇನ್), ಮೆಲಮೈನ್ ಲೇಪವನ್ನಾಗಲಿ ಕೊಡುವುದಾದರೆ 220 ಯುಕ್ತ. ನೀರು ಬೆರೆತ ಲೇಪಗಳು ಮರದ ನವಿರನ್ನು ಎಬ್ಬಿಸುವುವಾದ್ದರಿಂದ, ಒದ್ದೆಬಟ್ಟೆಯನ್ನು ಚೆನ್ನಾಗಿ ಹಿಂಡಿ ಹಲಗೆಯನ್ನು ಒಮ್ಮೆ ಒರಸಿ, ಪೂರ್ತಿ ಒಣಗಿದ ಮೇಲೆ, ಎದ್ದು ನಿಂತ ನವಿರನ್ನು ಹಳೆಯ 220ರ ಕಾಗದದಿಂದ ಎರಡು ಮೂರು ಸಲ ಸವರಿ ತೆಗೆದುಬಿಡುವುದು ಉತ್ತಮ. ಹೊಸ ಕಾಗದ ಇಲ್ಲಿ ಬೇಡ, ಅದು ಮತ್ತೆ ಹೊಸ ಎಳೆಯನ್ನು ಕೆದಕುತ್ತದೆ.

ಪೇಂಟು ಬಳಿಯುವ ಹಲಗೆಗೆ ಇಷ್ಟೊಂದು ಉಪಚಾರ ಬೇಡ. 150 ಸಾಕು; ಪ್ರೈಮರ್ ಹಿಡಿದು ನಿಲ್ಲುವುದಕ್ಕೆ ಸ್ವಲ್ಪ ಒರಟೇ ಬೇಕು. ಜನರು ಸನ್‌ಮೈಕಾ ಎಂದು ಕರೆಯುವ ಲ್ಯಾಮಿನೇಟನ್ನು ಅಂಟಿಸುವ ಮುಖವನ್ನಂತೂ ಉಬ್ಬು, ಹುಡಿ, ಜಿಡ್ಡುಗಳಿಲ್ಲದಂತೆ ಸವರಿಬಿಟ್ಟರೆ ಮುಗಿಯಿತು. ಅದನ್ನು ಮಿರುಗುವಂತೆ ಉಜ್ಜಿದರೆ ಅಂಟಿನ ಹಿಡಿತವೇ ಕಡಿಮೆಯಾಗುತ್ತದೆ.

ಪದರ ಸವೆದು ಹರಿಯುವ ಅಪಾಯ ಹಲಗೆಯ ನಡುವಿಗಿಂತ ಅಂಚಿನಲ್ಲಿಯೂ ಮೂಲೆಯಲ್ಲಿಯೂ ಹೆಚ್ಚು. ಕೈಯಾಗಲಿ ಯಂತ್ರವಾಗಲಿ ಅಂಚಿನಿಂದ ಅರ್ಧ ಹೊರಗೆ ಚಾಚಿದಾಗ, ಉಳಿದರ್ಧದ ಮೇಲೆ ಭಾರವೆಲ್ಲ ಬಿದ್ದು, ತಳ ಓರೆಯಾಗಿ, ಅಂಚು ತಿಳಿಯದಂತೆಯೇ ಸವೆಯುತ್ತದೆ. ಇದಕ್ಕೆ ಅನುಭವಿಗಳಾದ ಬಡಗಿಗಳು ಮಾಡುವ ಒಂದು ಉಪಾಯ ಬಹಳ ಸರಳವಾದುದು. ಮೆತ್ತಗಿನ ಪೆನ್ಸಿಲಿನಿಂದ ಹಲಗೆಯ ಮುಖದ ಮೇಲೆಲ್ಲ, ಮುಖ್ಯವಾಗಿ ಅಂಚಿನ ಗುಂಟ, ಹಗುರವಾಗಿ ಅಲೆಯಂತಹ ಗೆರೆಗಳನ್ನು ಎಳೆದು, ಆಮೇಲೆ ಉಜ್ಜಲು ತೊಡಗುತ್ತಾರೆ. ಗೆರೆ ಮೊದಲು ಬೂದಿಬಣ್ಣಕ್ಕೆ ತಿರುಗಿ, ಆಮೇಲೆ ತುಂಡುತುಂಡಾಗಿ, ಎಳೆಯ ತಗ್ಗುಗಳಲ್ಲಿ ಮಾತ್ರ ಚುಕ್ಕೆಗಳಾಗಿ ಉಳಿದು, ಕೊನೆಗೆ ಅಳಿದುಹೋಗುತ್ತದೆ. ಅಳಿದೊಡನೆ ಆ ಜಾಗದಿಂದ ಕೈ ತೆಗೆಯಬೇಕು. ಅಲ್ಲಿಗೆ ಆ ನಂಬರಿನ ಕೆಲಸ ತೀರಿತು. ಮುಂದಿನ ನಂಬರಿಗೆ ಮತ್ತೆ ಹೊಸ ಗೆರೆ. ಒಂದು ಕಡೆ ಗೆರೆ ಅಳಿದು ಇನ್ನೊಂದು ಕಡೆ ಗಾಢವಾಗಿಯೇ ಉಳಿದಿದ್ದರೆ, ಕೈ ಎಲ್ಲಿ ಒತ್ತುತ್ತಿದೆ ಎಂಬುದನ್ನು ಅದೇ ತೋರಿಸಿಕೊಡುತ್ತದೆ.

ಬೆಳಕಿನ ನೆರವನ್ನೂ ಪಡೆಯಬೇಕು. ಮೇಲಿನಿಂದ ನೇರವಾಗಿ ಬೀಳುವ ಬೆಳಕಿನಲ್ಲಿ ಗೀರು ಕಾಣುವುದಿಲ್ಲ. ಕಿಟಕಿಯ ಬಳಿ ಹಲಗೆಯನ್ನಿಟ್ಟೋ, ಟಾರ್ಚನ್ನು ಹಲಗೆಯ ಮಟ್ಟಕ್ಕೇ ಇಳಿಸಿ ಹಿಡಿದೋ ನೋಡಿದರೆ, ಅಡ್ಡಗೀರುಗಳೂ ಯಂತ್ರ ಬಿಟ್ಟ ಸುರುಳಿಗಳೂ ನೆರಳಾಗಿ ಎದ್ದು ಕಾಣುತ್ತವೆ. ಪದರ ಹರಿಯುವ ಮುನ್ಸೂಚನೆಯೂ ಇದೇ ಬೆಳಕಿನಲ್ಲಿ ದೊರೆಯುತ್ತದೆ. ತೇಗದ ಬಣ್ಣ ಒಂದು ಕಡೆ ಕ್ರಮೇಣ ಮಾಸಿ, ಎಳೆಯ ಗೆರೆಗಳು ಅಸ್ಪಷ್ಟವಾಗಿ, ಅಂಟಿನ ಛಾಯೆ ಅಡಿಯಿಂದ ತೋರತೊಡಗಿತೆಂದರೆ ಇನ್ನೊಂದು ಎಳೆತಕ್ಕೂ ಅಲ್ಲಿ ಅವಕಾಶವಿಲ್ಲ. ಅಡ್ಡ ಎಳೆ ಕಂಡಮೇಲಂತೂ ಯಾವ ಪುಟ್ಟಿಯೂ ಯಾವ ಪಾಲಿಶೂ ಅದನ್ನು ಮರೆಮಾಡಲಾರದು. ಆ ಮುಖಕ್ಕೆ ಹೊಸ ಪದರವನ್ನು (ವಿನಿಯರ್) ಅಂಟಿಸಬೇಕು, ಇಲ್ಲವೇ ಪೇಂಟು ಬಳಿಯಬೇಕು.

ಅಂಚಿಗೆ ಹಚ್ಚಿದ ತೇಗದ ಪಟ್ಟಿಯನ್ನು ಮುಖಪದರದ ಮಟ್ಟಕ್ಕೆ ತರುವ ಕೆಲಸ ಇಡೀ ಕಸುಬಿನಲ್ಲಿ ಅತ್ಯಂತ ನಾಜೂಕಾದುದು. ಪಟ್ಟಿಯು ಮುಖಕ್ಕಿಂತ ಕೂದಲೆಳೆಯಷ್ಟು ಎತ್ತರವಾಗಿ ನಿಲ್ಲುವಂತೆ ಅಂಟಿಸಿ, ಆ ಎತ್ತರವನ್ನು ಹದವಾಗಿ ಮಸೆದ ಸಣ್ಣ ಹತ್ತರಿಯಿಂದ ತೆಗೆದು, ಕೊನೆಯ ಅಲ್ಪಭಾಗವನ್ನು ಮಾತ್ರ ಮಟ್ಟವಾದ ಮರದ ತುಂಡಿಗೆ ಸುತ್ತಿದ 150ರ ಕಾಗದಕ್ಕೆ ಬಿಡಬೇಕು. ಬೆರಳ ತುದಿಗೆ ಕಾಗದ ಸುತ್ತಿ ಉಜ್ಜಿದರೆ ಮೆದುವಾದ ಕಡೆ ಗುಳಿ ಬೀಳುತ್ತದೆ. ಪಟ್ಟಿಯಿಲ್ಲದೆ ಪದರಗಳ ಅಂಚನ್ನೇ ಕಾಣುವಂತೆ ಬಿಡುವುದಾದರೆ, ಅಲ್ಲಿ ತುದಿಯೆಳೆ ಬಣ್ಣವನ್ನು ಬಹಳ ಹೀರುವುದರಿಂದ, ಮುಖವನ್ನು 180ಕ್ಕೆ ನಿಲ್ಲಿಸಿದ್ದರೆ ಅಂಚನ್ನು ಒಂದು ಮೆಟ್ಟಿಲು ಮುಂದೆ, 240ರ ತನಕ, ಒಯ್ದು ಛಾಯೆಯನ್ನು ಸರಿದೂಗಿಸಬಹುದು. ಕೊಯ್ತದ ಗುರುತು ಹೋಗಲು ಅಂಚಿಗೆ ಮಾತ್ರ 80ರಿಂದ ತೊಡಗಿದರೂ ಬಾಧಕವಿಲ್ಲ. ಹರಿಯುವುದಕ್ಕೆ ಅಲ್ಲಿ ಮುಖಪದರವಿಲ್ಲವಷ್ಟೆ.

ಕೈಯಿಂದ ಉಜ್ಜುವವನು ಎಳೆಯ ದಿಕ್ಕಿನಲ್ಲಿಯೇ ಉಜ್ಜಬೇಕೆಂಬುದನ್ನು ಎಲ್ಲರೂ ಬಲ್ಲರು. ಆರ್ಬಿಟಲ್ ಸ್ಯಾಂಡರ್ ಬಳಸುವವನು ತಿಳಿದಿರಬೇಕಾದುದು, ಯಂತ್ರದ ಸ್ವಂತ ಭಾರಕ್ಕಿಂತ ಹೆಚ್ಚಿನ ಭಾರ ಅದಕ್ಕೆ ಬೇಡ ಎಂಬುದು. ಒತ್ತಿ ಹಿಡಿದರೆ ತಟ್ಟೆಯ ಸುತ್ತಾಟ ನಿಂತು, ಒಂದೇ ಕಣ ಒಂದೇ ಕಡೆ ಸುರುಳಿಸುರುಳಿಯಾಗಿ ಕೊರೆಯುತ್ತದೆ. ಹಲಗೆಯ ಮೇಲೆ ಇಟ್ಟ ಬಳಿಕವೇ ಚಾಲನೆ ಮಾಡಿ, ಎತ್ತಿದ ಬಳಿಕವೇ ನಿಲ್ಲಿಸಿ, ಅಂಗೈ ಅಗಲದಷ್ಟು ದೂರವನ್ನು ಕೆಲವು ಕ್ಷಣಗಳಲ್ಲಿ ನಿಧಾನವಾಗಿ ದಾಟಿಸುತ್ತ ಹೋಗಬೇಕು. ಕೊನೆಯ ನಂಬರನ್ನು ಯಂತ್ರದಿಂದ ಮುಗಿಸಿದ ಮೇಲೆ, ಅದೇ ನಂಬರಿನ ಕಾಗದವನ್ನು ಕೈಯಲ್ಲಿ ಹಿಡಿದು ಎಳೆಯ ಗುಂಟ ಒಮ್ಮೆ ಎಳೆದರೆ ಸುರುಳಿಗಳು ಎಳೆಯಲ್ಲಿ ಕರಗಿಹೋಗುತ್ತವೆ. ಬೆಲ್ಟ್ ಸ್ಯಾಂಡರಂತೂ ಮುಖಪದರದ ಹಲಗೆಗೆ ಸಲ್ಲದ ಉಪಕರಣ. ಎಷ್ಟೇ ನಯವಾದ ಪಟ್ಟಿ ಹಾಕಿದರೂ ಅದರ ವೇಗಕ್ಕೆ ಅರ್ಧ ಮಿಲಿಮೀಟರ್ ಒಂದು ಲೆಕ್ಕವಲ್ಲ.

ನಂಬರಿನಷ್ಟೇ ಕಣದ ಜಾತಿಯೂ ಗಮನಾರ್ಹ. ಉಪ್ಪುಕಾಗದ ಬರುವುದಕ್ಕೆ ಮುಂಚೆ ನಮ್ಮ ಕಾಡಿನ ಗರಗತ್ತಿಯ ಎಲೆಯಿಂದ ಮರವನ್ನೂ ದಂತವನ್ನೂ ಉಜ್ಜಿ ನಯಮಾಡುತ್ತಿದ್ದರು. ಆ ಎಲೆಯ ಒರಟನ್ನು ಒಮ್ಮೆ ಬೆರಳಿನಿಂದ ಮುಟ್ಟಿದವರು ಅದನ್ನು ಮರೆಯಲಾರರು. ಚನ್ನಪಟ್ಟಣದ ಗೊಂಬೆಗಾರರು ಅರಗಿನ ಬಣ್ಣಕ್ಕೆ ಇಂದಿಗೂ ತಾಳೆಗರಿಯಿಂದ ಹೊಳಪು ಕೊಡುತ್ತಾರೆ. ಈಗ ಮರದ ಕೆಲಸಕ್ಕೆ ಸರ್ವಸಾಧಾರಣವಾದುದು ಅಲ್ಯೂಮಿನಿಯಂ ಆಕ್ಸೈಡ್; ಅದರ ಕಣ ಗಟ್ಟಿಯೂ ಹೌದು, ಬಾಳಿಕೆಯುಳ್ಳದ್ದೂ ಹೌದು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ನರು ವಿದ್ಯುತ್ ಕುಲುಮೆಯಲ್ಲಿ ಪಡೆದ ಸಿಲಿಕಾನ್ ಕಾರ್ಬೈಡ್ ಅದಕ್ಕಿಂತಲೂ ಹರಿತವಾದ, ಆದರೆ ಬೇಗ ಒಡೆಯುವ ಕಣ. ಪೇಂಟರುಗಳು ‘ವಾಟರ್ ಪೇಪರ್’ ಎಂದು ಕರೆಯುವ ಕಪ್ಪು ಕಾಗದದ ಮೇಲಿರುವುದು ಇದೇ. ವಾಟರ್ ಪೇಪರನ್ನು ಒಣಗಿದ ಲೇಪದ ಮೇಲೆ ನೀರು ಹಚ್ಚಿ ಬಳಸಬಹುದೇ ಹೊರತು ಬರಿಯ ಪ್ಲೈವುಡ್ಡಿನ ಮೇಲೆ ನೀರಿನೊಡನೆ ಎಂದಿಗೂ ಬಳಸತಕ್ಕದ್ದಲ್ಲ. ಕಪ್ಪು ಕೆಸರು ಮರದ ರಂಧ್ರಗಳನ್ನು ಸೇರಿದರೆ ಹೊರಬರುವುದು ಕಷ್ಟ. ರಾಳವುಳ್ಳ ಮುಖಕ್ಕೆ, ಕಣಗಳು ವಿರಳವಾಗಿ ಹರಡಿರುವ, ಮೇಲೆ ಬಿಳಿಯ ಪುಡಿಯ ಲೇಪವಿರುವ ಕಾಗದ ಸಿಕ್ಕಿದರೆ ಹೆಚ್ಚಿನ ಬೆಲೆಯಾದರೂ ಕೊಳ್ಳಬೇಕು; ಹುಡಿ ಮೆತ್ತದೆ ಅದು ಬಹಳ ಹೊತ್ತು ಕೊಯ್ಯುತ್ತದೆ.

ಲೇಪದ ಕೈಗಳ ನಡುವೆ ಉಜ್ಜುವುದರ ಉದ್ದೇಶವೇ ಬೇರೆ. ಅಲ್ಲಿ ಮರವನ್ನು ಮುಟ್ಟುವುದಿಲ್ಲ. ಕೂತ ಧೂಳಿನ ಕಣವನ್ನೂ ಎದ್ದ ನವಿರನ್ನೂ ತೆಗೆದು, ಮುಂದಿನ ಕೈ ಹಿಡಿಯುವಂತೆ ಮಾಡುವುದಷ್ಟೆ. ಸೀಲರಿನ, ಎಂದರೆ ಮರದ ರಂಧ್ರಗಳನ್ನು ಮುಚ್ಚುವ ಮೊದಲ ಕೈಯ, ಮೇಲೆ 320, ಆಮೇಲಿನ ಕೈಗಳ ನಡುವೆ 400. ಉಜ್ಜಿದಾಗ ಬಿಳಿಯ ಒಣಪುಡಿ ಉದುರಿದರೆ ಲೇಪ ಒಣಗಿದೆ. ಕಾಗದಕ್ಕೆ ಉಂಡೆಉಂಡೆಯಾಗಿ ಮೆತ್ತಿದರೆ ಇನ್ನೂ ಕಾಯಬೇಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡುಗಳಲ್ಲಿ, ಈ ಕಾಯುವಿಕೆ ದೀರ್ಘವಾಗುತ್ತದೆ. ಬರಿಯ ಮರವನ್ನು ಉಜ್ಜಿದ ದಿನವೇ ಮೊದಲ ಕೈ ಬಳಿಯದಿದ್ದರೆ ರಾತ್ರಿಯ ತೇವಕ್ಕೆ ನವಿರು ಮತ್ತೆ ಎದ್ದಿರುತ್ತದೆ. ಕಾಗದವೂ ತೇವಕ್ಕೆ ಮೆತ್ತಗಾಗುವುದರಿಂದ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಟ್ಟವಾದ ಹಲಗೆಗಳ ನಡುವೆ ಇಡಬೇಕು.

ಧೂಳಿನ ವಿಷಯವನ್ನು ಹಗುರವಾಗಿ ಎಣಿಸುವಂತಿಲ್ಲ. ಮರದ ಹುಡಿಯನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ವರ್ಗಕ್ಕೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿದೆ. ಪ್ಲೈವುಡ್ಡಿನ ಹುಡಿಯಲ್ಲಿ ಫಾರ್ಮಾಲ್ಡಿಹೈಡ್ ಬೆರೆತ ಅಂಟೂ ಇರುತ್ತದೆ. ನಂಬರು ಏರಿದಂತೆ ಹುಡಿ ಸೂಕ್ಷ್ಮವಾಗಿ, ಕಣ್ಣಿಗೆ ಕಾಣದೆ, ಶ್ವಾಸಕೋಶದ ಆಳಕ್ಕೆ ಇಳಿಯುವುದರಿಂದ, ಮುಖಕ್ಕೆ ಸುತ್ತಿದ ಟವೆಲಿನಿಂದ ಪ್ರಯೋಜನವಿಲ್ಲ. ಎನ್ 95 ಮಾಸ್ಕ್ ಧರಿಸಿ, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಬೇಕು. ಉಜ್ಜಲು ಕೂಲಿಗೆ ಬರುವ ಹುಡುಗನಿಗೂ ಅದನ್ನು ಕೊಡಿಸುವುದು ಕೆಲಸ ಮಾಡಿಸುವವರ ಕರ್ತವ್ಯ.

ಇಷ್ಟೆಲ್ಲ ಹೇಳಿದ ಮೇಲೂ, ನೀವು ತಂದ ಹಲಗೆಗೂ ನೀವು ಆರಿಸಿದ ಲೇಪಕ್ಕೂ ಯಾವ ನಂಬರು ಹೊಂದುವುದೆಂಬುದನ್ನು ಅದೇ ಹಲಗೆಯ ಒಂದು ತುಂಡಿನ ಮೇಲೆ ಪರೀಕ್ಷಿಸುವುದಕ್ಕಿಂತ ಖಚಿತವಾದ ಮಾರ್ಗವಿಲ್ಲ. ಕೊಯ್ದು ಉಳಿದ ಒಂದು ಮೊಳ ಉದ್ದದ ತುಂಡನ್ನು ಪೆನ್ಸಿಲಿನಿಂದ ಮೂರು ಪಾಲು ಮಾಡಿ, ಮೂರನ್ನೂ 150ರಿಂದ ಉಜ್ಜಿ, ಒಂದನ್ನು ಅಲ್ಲಿಯೇ ಬಿಟ್ಟು, ಉಳಿದೆರಡನ್ನು 180ಕ್ಕೆ ಒಯ್ದು, ಕೊನೆಯದನ್ನು 220ಕ್ಕೆ ಮುಟ್ಟಿಸಿ, ಎಲ್ಲದರ ಮೇಲೂ ಅದೇ ಸ್ಟೇನನ್ನೂ ಅದೇ ಪಾಲಿಶನ್ನೂ ಹಚ್ಚಿ, ಮರುದಿನ ಹಗಲಿನ ಬೆಳಕಿನಲ್ಲಿ ನೋಡಿ, ಮನಸ್ಸಿಗೆ ಒಪ್ಪಿದ ಪಾಲಿನ ಬೆನ್ನಿಗೆ ಅದರ ನಂಬರನ್ನೂ ಬಣ್ಣದ ಹೆಸರನ್ನೂ ಬರೆದಿಡಿ. ಆ ತುಂಡನ್ನು ಕೆಲಸ ಮುಗಿಯುವ ತನಕ ಗೋಡೆಗೆ ಒರಗಿಸಿಟ್ಟುಕೊಂಡು, ಪ್ರತಿಯೊಂದು ಬಾಗಿಲನ್ನೂ ಅದರ ಪಕ್ಕಕ್ಕೆ ಹಿಡಿದು ಹೋಲಿಸಿ ನೋಡಿ.